ಎರಡು ಬಾಲದ ಡಿಸ್ಕು

ಆಗ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ವಿದ್ಯುತ್ತಿನ ಪಾಠ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಲ್ಯಾಪ್‌ಟಾಪ್ ತೆರೆದರೆ ಜನ ಸುತ್ತ ನಿಂತು ನೋಡುತ್ತಿದ್ದ ಕಾಲ. ನಾದಿನಿಯ ಲಗ್ನಪತ್ರಿಕೆ ಅಚ್ಚು ಹಾಕಿಸುವ ಹೊಣೆಯನ್ನು ನಾನೇ ಕೇಳಿ ಪಡೆದೆ.

ಪತ್ರಿಕೆಯಲ್ಲಿ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂದು ಮಾವನ ಮನೆಯಲ್ಲಿ ಮೂರು ವಾರ ಮಹಾಯುದ್ಧ ನಡೆದಿತ್ತು. ನಾನೂ ನನ್ನ ಹೆಸರಿನ ಮುಂದೆ 'ಎಂ.ಎಸ್ಸಿ., ಭೌತಶಾಸ್ತ್ರ' ಎಂದು ಹಾಕಲೇಬೇಕೆಂದು ಹಟ ಹಿಡಿದು ಗೆದ್ದಿದ್ದೆ. ಒಪ್ಪಿಗೆಯಾದ ಪಟ್ಟಿಯನ್ನು ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದೆ. ಸಹೋದ್ಯೋಗಿಯೊಬ್ಬರು ಅದನ್ನು ಹೊರಗಿನಿಂದ ಜೋಡಿಸುವ ಹೊಸ ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟರು. ಕಾಲೇಜಿನ ಯಂತ್ರದಲ್ಲಿ ಮನೆಯ ವಿಷಯ ಇರಬಾರದೆಂದು ಲ್ಯಾಪ್‌ಟಾಪಿನಿಂದ ಅಳಿಸಿಬಿಟ್ಟೆ. ಮತ್ತೆ ಯಾರೂ ತಿದ್ದಬಾರದೆಂದು ಮಾವ ಕಾಗದದ ಪ್ರತಿಯನ್ನು ಒಲೆಗೆ ಹಾಕಿದರು!

ಡಿಸ್ಕಿನ ಕೇಬಲ್ಲಿಗೆ ಎರಡು ಬಾಲ. ಎರಡರ ತುದಿಗೂ ಒಂದೇ ಥರದ ಪ್ಲಗ್ಗು. ಒಂದು ಸ್ಪೇರ್ ಇರಬೇಕೆಂದು ತೀರ್ಮಾನಿಸಿ, ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಎಂ.ಸಿ.ಸಿ. ಬಡಾವಣೆಯಿಂದ ಹೆಂಡತಿ ಗಿರಿಜಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹರಿಹರದ ಪ್ರೆಸ್ಸಿಗೆ ಹೋದೆ. ಕಡರನಾಯಕನಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಅಲ್ಲಿ ಮೊದಲೇ ಕೂತಿದ್ದರು.

ಒಂದು ಪ್ಲಗ್ಗನ್ನು ಪ್ರೆಸ್ಸಿನವರು ಹೊಸದಾಗಿ ಕೊಂಡಿದ್ದ ಲ್ಯಾಪ್‌ಟಾಪಿಗೆ ಚುಚ್ಚಿದೆ. ಡಿಸ್ಕಿನ ದೀಪ ಹತ್ತಿತು. 'ಟಿಕ್... ಟಿಕ್...' ಅಂದಿತು. ಅಷ್ಟೇ! ಪರದೆಯ ಮೇಲೆ ಏನೂ ಇಲ್ಲ. ದೀಪ ಉರಿಯುತ್ತಿದೆ ಅಂದರೆ ಕರೆಂಟಿದೆ. ಕರೆಂಟಿದ್ದರೆ ತಿರುಗಬೇಕು. ತಿರುಗುತ್ತಿಲ್ಲ! ನನಗೆ ತಲೆಬುಡ ತಿಳಿಯಲಿಲ್ಲ.

"ಇವತ್ತು ವೋಲ್ಟೇಜ್ ಕಮ್ಮಿ ಐತೆ ಸಾರ್," ಎಂದರು ಪ್ರೆಸ್ಸಿನ ಯಜಮಾನರು.

ಪಕ್ಕದ ಮನೆಯ ಫ್ರಿಜ್ಜಿನ ಸ್ಟೆಬಿಲೈಸರ್ ಬಂತು. ಟಿಕ್ ಟಿಕ್. ಜನರೇಟರ್ ಹಾಕಿಸಿದೆ. ಪ್ರೆಸ್ಸಿನ ತುಂಬ ಹೊಗೆ. ಕೆಮ್ಮುತ್ತಾ ಎಲ್ಲರೂ ರಸ್ತೆಗೆ ಓಡಿದೆವು. ಹೊಗೆ ಇಳಿದ ಮೇಲೆ ಒಳಗೆ ಬಂದು ನೋಡಿದರೆ ಟಿಕ್ ಟಿಕ್!

"ರೀ, ಆ ಇನ್ನೊಂದು ವೈರು ಯಾಕ ಕಟ್ಟಿಟ್ಟೀರಿ?" ಎಂದಳು ಗಿರಿಜಾ.

"ಅದು ಸ್ಪೇರ್. ನಿನಗೆ ಗೊತ್ತಾಗಲ್ಲ, ಸುಮ್ನಿರು."

ಕೊನೆಗೆ ಗಂಭೀರವಾಗಿ ಘೋಷಿಸಿದೆ: "ಡಿಸ್ಕು ಸತ್ತೈತೆ. ಪಟ್ಟಿ ಹೋತು."

ಗಿರಿಜಾಳ ಮುಖ ಬಿಳುಚಿತು. "ಅಯ್ಯೋ, ಮತ್ತೆ ದೊಡ್ಡಪ್ಪನ್ನ, ಚಿಕ್ಕಪ್ಪನ್ನ ಎದುರುಬದುರು ಕೂಡ್ರಿಸಬೇಕಾ? ಈ ಸಲ ಮದುವೇನೇ ನಿಲ್ತೈತೆ!"

ನನಗೂ ನಿಜಕ್ಕೂ ಹೆದರಿಕೆಯಾಯಿತು.

ಅತ್ತೆ ಎದ್ದು ಬಂದು ಡಿಸ್ಕಿನ ಹತ್ತಿರ ಕಿವಿಗೊಟ್ಟರು.

"ಅಳಿಯಂದ್ರೇ, ಇದರೊಳಗ ಮೋಟ್ರು ಐತೇನ್ರಿ?"

"ಐತೆ ಅತ್ತಿ, ಸಣ್ಣದು."

"ನಮ್ಮ ಪಂಪ್‌ಸೆಟ್ಟೂ ಹಿಂಗೇ ಮಾಡ್ತೈತೆ. ಸಿಂಗಲ್ ಫೇಸ್ ಕೊಟ್ಟಾಗ ಬಲ್ಬು ಉರೀತೈತೆ, ಮೋಟ್ರು ಗುಂಯ್ ಅಂತೈತೆ, ಏಳಲ್ಲ. ಕರೆಂಟು ಸಾಲಲ್ಲ. ಆ ಇನ್ನೊಂದು ವೈರೂ ಹಾಕ್ರಿ."

ಲ್ಯಾಪ್‌ಟಾಪಿಗೂ ಪಂಪ್‌ಸೆಟ್ಟಿಗೂ ಎಲ್ಲಿಯ ಸಂಬಂಧ! ಅತ್ತೆಯ ಮೇಲಿನ ಗೌರವಕ್ಕಾಗಿ ಮಾತ್ರ ರಬ್ಬರ್ ಬ್ಯಾಂಡ್ ಬಿಚ್ಚಿ ಎರಡನೆಯ ಪ್ಲಗ್ಗನ್ನೂ ಲ್ಯಾಪ್‌ಟಾಪಿಗೆ ಚುಚ್ಚಿದೆ. ಡಿಸ್ಕು ಸುಯ್ಯೆಂದು ತಿರುಗಿತು! ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕ್ಷೇಮವಾಗಿದ್ದರು. ಒಂದು ಬಾಲದಿಂದ ಬರುವ ಕರೆಂಟು ಸಾಲದೆಂದೇ ಎರಡು ಕೊಟ್ಟಿದ್ದರು.

ಯಜಮಾನರು ಪಟ್ಟಿಯನ್ನು ಜೋರಾಗಿ ಓದುತ್ತಾ ಬಂದು ನನ್ನ ಹೆಸರಿನ ಹತ್ತಿರ ನಿಂತರು.

"ಸಾರ್, ಇಲ್ಲಿ 'ಎಂ.ಎಸ್ಸಿ., ಭೌತಶಾಸ್ತ್ರ' ಅಂತ ಐತೆ. ಹಂಗೇ ಇರ್ಲೇನ್ರಿ?"

ಗಿರಿಜಾ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

"ತೆಗೀರಿ," ಎಂದೆ.