ಸಿಹಿಹಾಲಿನ ಡಬ್ಬಿಯೂ ವಂಶದ ಬುದ್ಧಿಯೂ

ಬುದ್ಧಿ ರಕ್ತದಲ್ಲಿ ಬರುತ್ತದೆ ಎಂಬುದು ನನ್ನ ಅತ್ತೆಯ ಸಿದ್ಧಾಂತ. ಅದೂ ಎಲ್ಲರ ರಕ್ತದಲ್ಲಲ್ಲ, ಅವರ ತವರುಮನೆಯ ರಕ್ತದಲ್ಲಿ ಮಾತ್ರ. ಹುಯೆ ಊರಿನ ಅವರ ಮುತ್ತಜ್ಜ ಯಾವುದೋ ರಾಜನ ಕಾಲದಲ್ಲಿ ಆಸ್ಥಾನದ ಪರೀಕ್ಷೆ ಪಾಸು ಮಾಡಿದ್ದರಂತೆ. ಆಮೇಲೆ ಆ ಮನೆಯಲ್ಲಿ ಇನ್ಯಾರೂ ಹೇಳಿಕೊಳ್ಳುವಂಥ ಪರೀಕ್ಷೆ ಪಾಸು ಮಾಡಿದ ಸುದ್ದಿ ನನಗಂತೂ ಇಲ್ಲ. ಒಬ್ಬರು ಮಾಡಿದ್ದೇ ಎಲ್ಲರಿಗೂ ಸಾಕಾಗಿರಬೇಕು.

ನಾನಾದರೋ ಸೈಗಾನಿನಲ್ಲಿ ಜನಕ್ಕೆ ಕಾರು ಓಡಿಸಲು ಕಲಿಸುವವನು. ಎಡಗಡೆ ಅಂದರೆ ಯಾವ ಕಡೆ ಎಂದು ಕೈ ನೋಡಿಕೊಂಡು ಹೇಳುವವರನ್ನೂ ತಿದ್ದಿ ತೀಡಿ ರಸ್ತೆಗೆ ಬಿಟ್ಟಿದ್ದೇನೆ (ರಸ್ತೆಯ ಗತಿ ಏನಾಯಿತು ಎನ್ನುವುದು ಬೇರೆ ಮಾತು). ಹೀಗಾಗಿ ನನ್ನ ಸಿದ್ಧಾಂತ ಬೇರೆ. ಬುದ್ಧಿ ಹುಟ್ಟಿನಿಂದ ಬರುವುದಿಲ್ಲ, ಕಲಿಸಿದರೆ ಬರುತ್ತದೆ. ಅತ್ತೆಯ ಮುಂದೆ ನಿಂತು ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆಗಬಾರದ್ದೆಲ್ಲ ಆದ ಮೇಲೂ ಹೇಳುತ್ತಿದ್ದೇನೆ ಎಂದ ಮೇಲೆ ನನ್ನ ಎದೆಗಾರಿಕೆ ಎಂಥದ್ದು ಎಂದು ನೀವೇ ಊಹಿಸಿಕೊಳ್ಳಿ.

ಜಗಳ ಶುರುವಾದದ್ದು ಗೋಡೆಯಿಂದ. ನಮ್ಮ ಮುಂದಿನ ಕೋಣೆಯ ಗೋಡೆಯಲ್ಲಿ ನನ್ನ ಅಪ್ಪನ ಎರಡು ಬಿದಿರು ಕೋಲುಗಳು ತೂಗುತ್ತವೆ. ಅಪ್ಪ ಗಲ್ಲಿ ಗಲ್ಲಿಯಲ್ಲಿ ಗಾಡಿ ತಳ್ಳಿಕೊಂಡು ಹು ತ್ಯು ಮಾರುತ್ತಿದ್ದವನು. ಅಪ್ಪ ಕೂಗುತ್ತಿರಲಿಲ್ಲ. ಆ ಕೋಲುಗಳನ್ನು ಟಕ್, ಟಕ್-ಟಕ್ ಎಂದು ಬಡಿದರೆ ಸಾಕು, ಬಿಸಿಬಿಸಿ ಶಾವಿಗೆ ಸಾರು ಬಂತೆಂದು ಜನ ಬಟ್ಟಲು ಹಿಡಿದು ಹೊರಗೆ ಬರುತ್ತಿದ್ದರು. ಆ ಸದ್ದೇ ನನಗೆ ಅನ್ನ ಹಾಕಿತು, ಶಾಲೆಗೆ ಕಳಿಸಿತು. ಹೊಸ ವರ್ಷದ ಹಬ್ಬಕ್ಕೆ ಬಂದ ಅತ್ತೆ ಅದರತ್ತ ಮೂಗು ಮುರಿದರು.

"ಬರೋರು ಹೋಗೋರು ನೋಡೋ ಗೋಡೆ ಮೇಲೆ ಕಟ್ಟಿಗೆ ನೇತುಹಾಕ್ಕೊಂಡಿದೀಯಲ್ಲಪ್ಪ! ಅದನ್ನ ತೆಗಿ. ನಮ್ಮ ಮುತ್ತಜ್ಜನ ಪಟ ಕಳಿಸ್ತೀನಿ. ಮಗೂಗೆ ತಾನು ಯಾರ ರಕ್ತ ಅಂತ ಗೊತ್ತಾಗ್ಲಿ."

"ಅವನಲ್ಲಿ ನಮ್ಮಪ್ಪನ ರಕ್ತವೂ ಇದೆ, ಅತ್ತೆ."

"ಇರ್ಲಿ ಬಿಡು, ಅದಕ್ಕೆ ಮಗು ಏನು ಮಾಡುತ್ತೆ ಪಾಪ."

ನನಗೆ ನಖಶಿಖಾಂತ ಉರಿಯಿತು. ನನ್ನ ಮಗ ಮಿತ್‌ನ (ಮಿತ್ ಎಂದರೆ ಹಲಸು, ದೃಷ್ಟಿಯಾಗದಿರಲೆಂದು ಮನೆಯಲ್ಲಿ ಕರೆಯುವ ಹೆಸರು. ನೋಡಲೂ ಹಾಗೇ ಇದ್ದಾನೆ) ತೊಟ್ಟಿಲು ಬಿಡಿಸುವ ಶಾಸ್ತ್ರ ಹತ್ತಿರ ಬರುತ್ತಿತ್ತು. ವರ್ಷ ತುಂಬಿದ ಮಗುವಿನ ಮುಂದೆ ತಟ್ಟೆಯಲ್ಲಿ ಪೆನ್ನು, ಬಾಚಣಿಗೆ, ಕತ್ತರಿ, ಕನ್ನಡಿ, ಮುಷ್ಟಿ ಅಕ್ಕಿ ಎಲ್ಲ ಇಡುವುದು, ಅದು ಮೊದಲು ಮುಟ್ಟಿದ್ದೇ ಅದರ ಮುಂದಿನ ಬಾಳು. ನಾನು ಅಲ್ಲೇ ಪಂಥ ಕಟ್ಟಿದೆ. ಮಿತ್ ಪೆನ್ನು ಹಿಡಿದರೆ ಅಪ್ಪನ ಕೋಲುಗಳನ್ನು ಯಾರೂ ಮುಟ್ಟಕೂಡದು. ಬೇರೇನಾದರೂ ಹಿಡಿದರೆ ಆ ಮೊಳೆಗೆ ಮುತ್ತಜ್ಜ.

"ಪೆನ್ನೇ ಹಿಡೀತಾನೆ ಕಣಪ್ಪ," ಎಂದರು ಅತ್ತೆ, "ಆದ್ರೆ ಹಿಡಿಯೋದು ನಮ್ಮ ರಕ್ತದಿಂದ. ಹಂಗಾಗಿ ಪಟ ಬರೋದು ಬಂದೇ ಬರುತ್ತೆ."

"ಹಂಗಾದ್ರೆ ಪಂಥ ಯಾತಕ್ಕಮ್ಮ?" ಎಂದು ನನ್ನ ಹೆಂಡತಿ ಸುವಾಂಗ್ ಚಹಾ ತಂದಿಟ್ಟಳು. ಅವಳದು ಯಾವ ಪಕ್ಷವೂ ಅಲ್ಲ. ಅದೇ ನನಗೆ ಭಯ.

ಅತ್ತೆ ರೈಲು ಹತ್ತಿದ ಮರುದಿನವೇ ನಾನು ತರಬೇತಿ ಶುರು ಮಾಡಿದೆ. ಬೆಳಿಗ್ಗೆ ನನ್ನ ಕಾಫಿಗೆ ತೆರೆಯುವ ಗಟ್ಟಿ ಸಿಹಿಹಾಲಿನ ಡಬ್ಬಿಯೇ ನಮ್ಮ ಪಾಠಶಾಲೆ. ಮಿತ್‌ನ ಮುಂದೆ ಪೆನ್ನು, ಬಾಚಣಿಗೆ, ಕನ್ನಡಿ ಹರಡುವುದು. ಡಬ್ಬಿಯ ಮೇಲೆ ಚಮಚದಿಂದ ಬಡಿಯುವುದು. ನನ್ನ ಕೈಗೆ ಬರುವ ತಾಳ ಒಂದೇ, ಟಕ್, ಟಕ್-ಟಕ್. ಅವನು ಪೆನ್ನು ಎತ್ತಿಕೊಟ್ಟರೆ ಬಾಯಿಗೆ ಸಿಹಿಹಾಲು, ಬಾಚಣಿಗೆ ಎತ್ತಿದರೆ ಏನೂ ಇಲ್ಲ. ಮೊದಮೊದಲು ಕನ್ನಡಿ ನೆಕ್ಕುತ್ತಿದ್ದ ಮಹಾಶಯ ಹೋಗ್ತಾ ಹೋಗ್ತಾ ಸೋಫಾದ ಅಡಿಯಿಂದಲೂ ಪೆನ್ನು ಹುಡುಕಿ ತರತೊಡಗಿದ. ನನ್ನ ಎದೆ ಉಬ್ಬಿತು. ಅವನ ಹೊಟ್ಟೆಯೂ ಉಬ್ಬಿತು.

"ಇವನಪ್ಪಾ, ಡಬ್ಬಿ ಇಷ್ಟು ಬೇಗ ಬೇಗ ಯಾಕೆ ಖಾಲಿಯಾಗ್ತಿದೆ?" ಎಂದು ಸುವಾಂಗ್ ಕೇಳಿದಳು.

"ನಾನು ಕಾಫಿ ಜಾಸ್ತಿ ಕುಡೀತಿದೀನಿ."

"ನೀವು ಕುಡಿದ್ರೆ ಮಗು ಗಲ್ಲ ಯಾಕೆ ಅಂಟಂಟು?"

"ರಕ್ತಸಂಬಂಧ!" ಎಂದೆ. ಅವಳು ಮುಂದೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಶಾಸ್ತ್ರದ ದಿನ ಸಂಜೆಗೆ ಗಲ್ಲಿಯೆಲ್ಲ ನಮ್ಮ ಮನೆಯಲ್ಲಿತ್ತು. ಮಗುವನ್ನು ಕಾಯುವ ಹನ್ನೆರಡು ಸೂಲಗಿತ್ತಿ ದೇವತೆಯರಿಗೆ ಪಾಯಸ, ಅಂಟಕ್ಕಿ ಅನ್ನ ಎಡೆಯಿಟ್ಟಾಯಿತು. ಅತ್ತೆ ಮುತ್ತಜ್ಜನ ಪಟವನ್ನು ರೈಲಿನುದ್ದಕ್ಕೂ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು, ಸುತ್ತಿಗೆ ಸಮೇತ! ಮಿತ್‌ನನ್ನು ತಟ್ಟೆಯ ಮುಂದೆ ಬಿಟ್ಟೆವು. ಎಲ್ಲರೂ ಉಸಿರು ಬಿಗಿಹಿಡಿದರು. ಅವನು ಅಕ್ಕಿ ನೋಡಿದ, ಕತ್ತರಿ ನೋಡಿದ, ಅಜ್ಜಿಯ ಮುಖ ನೋಡಿದ, ಸೀದಾ ಪೆನ್ನು ಹಿಡಿದು ಮೇಲೆತ್ತಿದ.

"ನಮ್ಮ ರಕ್ತ!" ಎಂದು ಅತ್ತೆ ಕೂಗುವುದಕ್ಕೂ, ಹೊರಗೆ ಗಲ್ಲಿಯಲ್ಲಿ ಟಕ್, ಟಕ್-ಟಕ್ ಎನ್ನುವುದಕ್ಕೂ ಸರಿಹೋಯಿತು. ದಿನವೂ ಪಕ್ಕದ ಗಲ್ಲಿಗೆ ಹೋಗುವ ಏಳನೆಯಕ್ಕನ (ಹುಟ್ಟಿದ ಸಾಲಿನ ಲೆಕ್ಕದಲ್ಲಿ ಕರೆಯುವುದು ನಮ್ಮಲ್ಲಿ ರೂಢಿ) ಹು ತ್ಯು ಗಾಡಿ ಜನ ಸೇರಿದ್ದು ನೋಡಿ ಇವತ್ತೇ ಇತ್ತ ಬರಬೇಕೆ! ಮಿತ್‌ನ ಕಿವಿ ನಿಮಿರಿತು. ಪೆನ್ನು ಹಿಡಿದವನು ಹಿಡಿದ ಹಾಗೆಯೇ ಅಂಟಕ್ಕಿ ಅನ್ನದ ಮೇಲೆ ಅಂಬೆಗಾಲಿಟ್ಟು, ನೆಂಟರ ಕಾಲುಗಳ ನಡುವೆ ನುಗ್ಗಿ, ಹೊಸಿಲು ದಾಟಿ, ಗಾಡಿಯ ಚಕ್ರ ಹಿಡಿದು ನಿಂತ. ಏಳನೆಯಕ್ಕನ ಕೈಗೆ ಪೆನ್ನು ಕೊಟ್ಟು ಬಾಯಿ ತೆರೆದ. ಅವಳು ಪಾಪ, ಒಂದು ಚಮಚ ಸಾರು ಹಾಕಿದಳು.

"ಪೆನ್ನು ಕೊಟ್ಟು ಶಾವಿಗೆ ಈಸ್ಕೊಂಡ!" ಎಂದರು ಯಾರೋ.

ನನಗೆ ಆ ಕ್ಷಣ ಏನಾಯಿತೋ ಕಾಣೆ. ಅಪ್ಪನ ಸದ್ದಿಗೆ ಮೊಮ್ಮಗ ಓಡಿದ್ದ. ನನ್ನ ಕಣ್ಣು ತುಂಬಿತು, ಸಿದ್ಧಾಂತ ಮರೆತುಹೋಯಿತು. "ನೋಡಿದ್ರಾ! ರಕ್ತ ಅಂದ್ರೆ ಇದು! ನಮ್ಮಪ್ಪನ ರಕ್ತ!" ಎಂದು ಎದೆ ಬಡಿದುಕೊಂಡೆ.

"ಎಂಥಾ ರಕ್ತ!" ಎಂದು ಅತ್ತೆ ಎಗರಿಬಿದ್ದರು. "ರಕ್ತ ಪೆನ್ನು ಹಿಡಿಸ್ತು. ಬಿಡಿಸಿದ್ದು ನೀನು ಬೆಳೆಸಿದ ರೀತಿ! ಮಗೂಗೆ ಎಂತೆಂಥದ್ದು ಕಲಿಸಿದೀಯೋ! ಎಲ್ಲಾ ಕಲಿಸೋದ್ರಲ್ಲಿರೋದು ಕಣಪ್ಪ!"

"ಕಲಿಸಿದ್ರೆ ಬರುತ್ತಾ ಇದು? ಹುಟ್ಟಿನಿಂದಲೇ ಬರಬೇಕು!"

"ಹುಟ್ಟಿನಲ್ಲಿ ಏನೂ ಇಲ್ಲ!"

"ಎಲ್ಲಾ ಇದೆ!"

ಒಬ್ಬರ ಸಿದ್ಧಾಂತ ಇನ್ನೊಬ್ಬರು ಹೊತ್ತುಕೊಂಡು ನಾವಿಬ್ಬರೂ ಗಂಟಲು ಹರಿದುಕೊಳ್ಳುತ್ತಿರುವಾಗ ಸುವಾಂಗ್ ಮೆಲ್ಲಗೆ ಅಡುಗೆಮನೆಗೆ ಹೋಗಿ ಬಂದಳು. ಅವಳ ಕೈಯಲ್ಲಿ ಡಬ್ಬಿ, ಚಮಚ. ಟಕ್, ಟಕ್-ಟಕ್. ಮಿತ್ ಏಳನೆಯಕ್ಕನ ಕೈಯಿಂದ ಪೆನ್ನು ಕಿತ್ತುಕೊಂಡು, ಹೋದ ವೇಗದಲ್ಲೇ ಹಿಂದಿರುಗಿ, ಅಮ್ಮನಿಗೆ ಪೆನ್ನು ಒಪ್ಪಿಸಿ ಬಾಯಿ ತೆರೆದ.

"ಇವನಪ್ಪಾ," ಎಂದಳು, "ನಿಮ್ಮಪ್ಪನ ರಕ್ತ ಸ್ವಲ್ಪ ಗಟ್ಟಿ, ಸ್ವಲ್ಪ ಸಿಹಿ ಅಲ್ವಾ?"

ಪಕ್ಕದ ಮನೆಯ ಮುದುಕ ಬಿದ್ದು ಬಿದ್ದು ನಕ್ಕ. "ಬಾಯಿಗೆ ಏನಾದ್ರೂ ಹಾಕಿದ್ರೇನೇ ಪೆನ್ನು ಎತ್ತೋದು! ದೊಡ್ಡ ಸರ್ಕಾರಿ ಅಧಿಕಾರಿ ಆಗ್ತಾನೆ ಬಿಡಿ!"

ನಾನು ಸೋಲುವ ಕುಳವಲ್ಲ. "ಅಂದ್ರೆ ಕಲಿಸಿದ್ರೆ ಬರುತ್ತೆ ಅಂತ ಆಯ್ತಲ್ಲ! ನನ್ನ ವಾದವೇ ಗೆದ್ದಿತು!"

"ನಿನ್ನ ವಾದ ಗೆದ್ದಿತು, ಕಳ್ಳಾಟ ಆಡಿ ನೀನು ಸೋತೆ," ಎಂದರು ಅತ್ತೆ. "ಕಟ್ಟಿಗೆ ಇಳಿಸು."

"ಇಳಿಸಲ್ಲ!" ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. "ಆ ಕೋಲು ಬಡಿದೇ ಅತ್ತೆ, ನಮ್ಮಪ್ಪ ನನ್ನನ್ನ ಓದಿಸಿದ್ದು. ನಿಮ್ಮ ಮುತ್ತಜ್ಜನ ಪರೀಕ್ಷೆ ನನಗೆ ಒಂದು ತುತ್ತು ಹಾಕಿಲ್ಲ. ಪಟ ಬೇಕಾದ್ರೆ ನನ್ನ ತಲೆ ಮೇಲೆ ಹೊಡೀರಿ ಮೊಳೆ!"

ಅತ್ತೆ ಸುತ್ತಿಗೆ ಕೆಳಗಿಟ್ಟರು. ನನ್ನನ್ನೇ ದಿಟ್ಟಿಸಿ ನೋಡಿದರು. ಅವರ ಮುಖ ಕೊಂಚ ಮೆತ್ತಗಾದ ಹಾಗೆ ಕಂಡಿತು. ಗೆದ್ದೆ ಎಂದುಕೊಂಡೆ.

ಆದರೆ ನನ್ನ ಬೆನ್ನು ತಗಲಿ ಕೋಲುಗಳು ಮೊಳೆಯಿಂದ ಜಾರಿದ್ದವು. ಮಿತ್ ಅವುಗಳನ್ನು ಎರಡೂ ಕೈಯಲ್ಲಿ ಹಿಡಿದು, ನನ್ನತ್ತ ನೋಡಿ ಬಡಿದ. ಟಕ್, ಟಕ್-ಟಕ್.

ನನಗೆ ಎಚ್ಚರವಾದಾಗ ನಾನು ಸುವಾಂಗ್‌ಳ ಕೈಯಿಂದ ಡಬ್ಬಿ ಕಿತ್ತುಕೊಂಡು, ನೆಲದ ಮೇಲೆ ಮಂಡಿಯೂರಿ, ಅವನ ಬಾಯಿಗೆ ಚಮಚ ಹಿಡಿದಿದ್ದೆ.

"ಸುವಾಂಗ್," ಎಂದರು ಅತ್ತೆ ಮೆಚ್ಚುಗೆಯಿಂದ, "ನಿನ್ನ ಗಂಡನಿಗೆ ಇಷ್ಟು ಚೆನ್ನಾಗಿ ಕಲಿಸಿದ್ದು ಯಾರೇ?"

"ಮಿತ್ ಕಣಮ್ಮ."

"ಆಹಾ! ವರ್ಷದ ಮಗು ದೊಡ್ಡೋನಿಗೆ ಕಲಿಸಿಬಿಡ್ತು ಅಂದ್ರೆ... ನಾನು ಹೇಳ್ಲಿಲ್ವಾ, ನಮ್ಮ ರಕ್ತ!"

ಈಗ ಆ ಮೊಳೆಯಲ್ಲಿ ಮುತ್ತಜ್ಜ ತೂಗುತ್ತಿದ್ದಾರೆ. ಅತ್ತೆ ಗೆದ್ದದ್ದರಿಂದಲ್ಲ, ಮೊಳೆ ಖಾಲಿ ಇದ್ದದ್ದರಿಂದ. ಅಪ್ಪನ ಕೋಲುಗಳು ಮಿತ್‌ನ ಕೈ ಬಿಟ್ಟು ಗೋಡೆಗೆ ಹಿಂದಿರುಗಿಲ್ಲ. ಬುದ್ಧಿ ಕಲಿಸಿದರೆ ಬರುತ್ತದೆ ಎಂದು ನಾನು ಈಗಲೂ ಅತ್ತೆಗೆ ಫೋನಿನಲ್ಲಿ ಅಬ್ಬರಿಸಿ ಹೇಳುತ್ತೇನೆ. ಇದನ್ನು ಇನ್ನಷ್ಟು ಪುರಾವೆ ಕೊಟ್ಟು ವಿವರಿಸಬಹುದಿತ್ತು, ಆದರೆ ಒಳಗೆ ಟಕ್, ಟಕ್-ಟಕ್ ಎನ್ನುತ್ತಿದೆ. ಡಬ್ಬಿ ಎಲ್ಲಿಟ್ಟೆನಪ್ಪಾ?