ತಿದ್ದಪ್ಪನ ಹೆಸರಿನ ತಿದ್ದುಪಡಿ

ಮುದ್ರಣಾಲಯದಲ್ಲಿ ಕರಡು ತಿದ್ದುವ ಅವನನ್ನು ಎಲ್ಲರೂ ತಿದ್ದಪ್ಪ ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷ ಕಂಡಕಂಡವರ ತಪ್ಪುಗಳನ್ನೆಲ್ಲ ಹೇನು ಹೆಕ್ಕಿದಂತೆ ಹೆಕ್ಕಿದ ಮೇಲೆ ಅವನ ಕೆಲಸ ಕಾಯಂ ಆಗುವುದರಲ್ಲಿತ್ತು. ಆದರೆ ಅವನ ನಿಜವಾದ ಹೆಸರಿನ ನಡುವೆ, ಶಾಲೆಯ ಪ್ರಮಾಣಪತ್ರದಲ್ಲಿ ಶಂಖದ ‘ಶ’ ಇತ್ತು. ಗುರುತಿನ ಚೀಟಿಯಲ್ಲಿ ಹೊಟ್ಟೆ ಸೀಳಿದ ‘ಷ’. ಸಂಜೆ ಐದರೊಳಗೆ ಎರಡೂ ಒಂದೇ ಆಗದಿದ್ದರೆ ಆ ಜಾಗ ಬೇರೆಯವರಿಗೆ ಎಂದರು ಮ್ಯಾನೇಜರು.

“ಇವತ್ತು ಆ ಹೊಟ್ಟೆ ಹೊಲಿಸ್ಕೊಂಡೇ ಬರೋದು” ಎಂದು ಹೆಂಡತಿಗೆ ಹೇಳಿ, ಪ್ರಮಾಣಪತ್ರದ ನಕಲು ಹಿಡಿದು ತಿದ್ದಪ್ಪ ಗುರುತಿನ ಚೀಟಿಯ ಕಚೇರಿಗೆ ನಡೆದ. ಫೋನನ್ನು ಬಾಗಿಲಲ್ಲೇ ಇಸಿದುಕೊಂಡರು. ನಾಲ್ಕನೇ ಕಿಟಕಿಯವರು ಏಳಕ್ಕೆ ಅಟ್ಟಿದರು, ಏಳನೆಯವರು ನಾಲ್ಕಕ್ಕೆ. ಕಚೇರಿಯ ಅರ್ಜಿ ನಮೂನೆಯಲ್ಲೇ ಎರಡು ಕಾಗುಣಿತದ ತಪ್ಪುಗಳಿವೆ ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ ಗುಮಾಸ್ತ ಅವನನ್ನು ಸಾಲಿನ ಕೊನೆಗೆ ಕಳಿಸಿದ. ತಿದ್ದಪ್ಪ ಜಗ್ಗಲಿಲ್ಲ. “ತಲೆ ನೆರೆಯೋವರೆಗೂ ಇಲ್ಲೇ ಕೂತಿರ್ತೀನಿ, ಸಾರ್” ಎಂದು ಕಿಟಕಿಯ ಮುಂದೆ ಬೇರು ಬಿಟ್ಟ. ನಾಲ್ಕು ಗಂಟೆಗೆ ಗುಮಾಸ್ತನೇ ಬೇಸತ್ತು ‘ಶ’ ಇರುವ ಹೊಸ ಚೀಟಿ ಕೊಟ್ಟು ಕೈಮುಗಿದ.

ಇತ್ತ ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರು ತಿದ್ದಪ್ಪನ ಹೆಂಡತಿಯ ತಲೆಗೆ ಹುಳ ಬಿಟ್ಟಿದ್ದರು. ಆ ಕಚೇರಿಯಲ್ಲಿ ಮೂರು ತಿಂಗಳಿಲ್ಲದೆ ಒಂದು ಚುಕ್ಕೆಯೂ ಅಲ್ಲಾಡದು, ಶಾಲೆಯದನ್ನೇ ತಿದ್ದಿಸುವುದು ಜಾಣತನ ಎಂದು ಅವರ ವಾದ. ಗಂಡನ ಫೋನು ಸಿಗಲಿಲ್ಲ. ಆ ಶಾಲೆಯ ಹೆಡ್‌ಮೇಷ್ಟ್ರು ಅವಳ ಸೋದರಮಾವ. ಸೆರಗು ಸಿಕ್ಕಿಸಿ ಹೊರಟವಳು ಮಾವನ ಕೈಯಲ್ಲಿ ಮೂಲ ಪ್ರಮಾಣಪತ್ರದ ‘ಶ’ ಹೊಡೆದುಹಾಕಿಸಿ, ‘ಷ’ ಬರೆಸಿ, ಮೊಹರು ಒತ್ತಿಸಿಯೇ ಬಿಟ್ಟಳು.

ಐದಕ್ಕೆ ಹತ್ತು ನಿಮಿಷವಿರುವಾಗ ಗಂಡ ಹೆಂಡತಿ ಮ್ಯಾನೇಜರ ಮೇಜಿನ ಮುಂದೆ ಎದುರುಬದುರಾದರು. ಇಬ್ಬರ ಮುಖದಲ್ಲೂ ಕೋಟೆ ಗೆದ್ದ ಕಳೆ. ಮ್ಯಾನೇಜರು ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಒರೆಸಿಕೊಂಡರು.

“ಬೆಳಗ್ಗೆ ಇದರಲ್ಲಿದ್ದದ್ದು ಈಗ ಅದರಲ್ಲಿದೆ, ಅದರಲ್ಲಿದ್ದದ್ದು ಇದರಲ್ಲಿ.”

ತಿದ್ದಪ್ಪನ ಮುಖ ನೋಡಿ ಅವರಿಗೇ ಕರುಳು ಚುರುಕ್ಕೆಂದಿತು. ಕಾಯಂ ಆದೇಶ ನಮ್ಮಲ್ಲೇ ಅಚ್ಚಾಗಿ ಬಂದಿದೆ, ಅದರಲ್ಲಿ ಯಾವ ಅಕ್ಷರವಿದೆಯೋ ಅದೇ ಸರಿ ಎಂದಿಟ್ಟುಕೊಳ್ಳೋಣ, ಇನ್ನೊಂದನ್ನು ತಿದ್ದಿಸಲು ನಾಳೆ ಸಂಜೆಯವರೆಗೆ ಸಮಯ ಕೊಡುತ್ತೇನೆ ಎಂದು ಖಾನೆ ಎಳೆದು ಆದೇಶ ತೆಗೆದರು.

ಅದರಲ್ಲಿ ‘ಸ’ ಇತ್ತು.

“ಈಗ ಎರಡನ್ನೂ ತಿದ್ದಿಸ್ಬೇಕಾಯ್ತಲ್ಲಪ್ಪಾ” ಎಂದರು ಮ್ಯಾನೇಜರು.

ಇದರ ಕರಡು ನೋಡಿದ ಕುರುಡ ಯಾರು ಎಂದು ತಿದ್ದಪ್ಪ ಕೆಂಡವಾಗಿ ಕೇಳಿದ. ಮ್ಯಾನೇಜರು ಹಾಳೆಯನ್ನು ತಿರುಗಿಸಿ ಹಿಡಿದರು. ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ, ದುಂಡಗೆ, “ಪರಿಶೀಲಿಸಿದೆ, ತಪ್ಪಿಲ್ಲ” ಎಂದು ಬರೆದಿತ್ತು. ಅದು ತಿದ್ದಪ್ಪನದೇ ಕೈಬರಹ.