ನನ್ನ ವೈಫೈಗೆ ಬಂದ ನೆಂಟ

ಕೋಲಾರದಿಂದ ಮುಳಬಾಗಿಲಿನವರೆಗೆ ಮನೆಮನೆಗೆ ಇಂಟರ್ನೆಟ್ ಹಾಕೋ ನನ್ನಂಥವನಿಗೆ ಇಂಥವು ತಪ್ಪಿದ್ದಲ್ಲ. ಹೇಳೋದ್ರಲ್ಲಿ ಮುಕ್ಕಾಲು ನಿಜ. ಯಾವ ಮುಕ್ಕಾಲು ಅಂತ ಕೇಳಬೇಡಿ.

ಸೊನ್ನೆ ಬೇಡ

ಟೊಮೊಟೊ ಹರಾಜು ಕೂಗೋ ಮಂಡಿಯವರೊಬ್ಬರು ಕಂಪ್ಯೂಟರಿಗೂ ಅದೃಷ್ಟದ ನಂಬರೇ ಬೇಕು ಅಂದರು. ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ವಿಳಾಸ. ನಾವು ಹತ್ತು, ಇಪ್ಪತ್ತು ಅಂತೀವಿ. ಯಂತ್ರಕ್ಕೆ ಗೊತ್ತಿರೋದು ಬರೀ ಸೊನ್ನೆ, ಒಂದು. ಅದನ್ನ ಹೇಳಿದ್ದೇ ತಪ್ಪಾಯ್ತು.

“ಸೊನ್ನೆ ಅಂದ್ರೆ ನಷ್ಟ ಕಣೋ. ಸೊನ್ನೆ ಇಲ್ಲದ್ದು ಕೊಡು.”

ಯಂತ್ರದ ಲೆಕ್ಕದಲ್ಲಿ ಎಂಟಕ್ಕೆ ಎಂಟು ಅಂಕಿಯೂ ಒಂದೇ ಇರೋ ಇನ್ನೂರೈವತ್ತೈದನ್ನ ಬೇಕಂತಲೇ ಹಾಕಿದೆ. ಕಂಪ್ಯೂಟರ್ ಒಪ್ಪಲಿಲ್ಲ.

“ಅಣ್ಣಾ, ಅದು ಬೀದಿಯವರನ್ನೆಲ್ಲ ಒಟ್ಟಿಗೆ ಕೂಗೋ ನಂಬರು. ಒಬ್ಬರಿಗೆ ಕೊಡಲ್ಲ.”

“ಲೇ, ಬೆಳಗ್ಗೆಯಿಂದ ನಾನು ಮಾಡೋದು ಅದೇ ಕೆಲಸ! ನನಗಲ್ಲದೆ ಇನ್ಯಾರಿಗೆ ಕೊಡ್ತೀಯಾ?”

ಯಾರ ಇನಿಶಿಯಲ್?

ಶ್ರೀನಿವಾಸಪುರದ ಅಕ್ಕ ಒಬ್ಬರು ವೈಫೈ ಡಬ್ಬಿಯ ಕೆಳಗಿನ ನಂಬರ್ ಓದ್ತಾ ನಿಂತುಬಿಟ್ಟರು. “ಎಂಟು, ಒಂಬತ್ತು, ಎ, ಎಫ್... ಇದೇನ್ರೀ, ಪಾತ್ರೆ ಮೇಲೆ ಕೆತ್ತಿಸಿದ ಹಾಗೆ ಯಾರದೋ ಇನಿಶಿಯಲ್! ಸೆಕೆಂಡ್ ಹ್ಯಾಂಡ್ ಕೊಟ್ರಾ?”

“ಅದೂ ಅಂಕಿನೇ ಅಕ್ಕ. ಒಂಬತ್ತಾದ ಮೇಲೆ ಹತ್ತಕ್ಕೆ ಎ, ಹದಿನೈದಕ್ಕೆ ಎಫ್. ಅಲ್ಲಿಗೆ ಮುಗೀತು.”

“ನಮ್ಮೆಜಮಾನರದು ಎನ್. ಅದ್ಯಾಕಿಲ್ಲ?”

ಮೊಳೆ ತಗೊಂಡು ಎನ್ ಕೆತ್ತಿಕೊಟ್ಟೆ. ಎರಡು ಲೋಟ ಕಾಫಿ ಸಿಕ್ಕಿತು, ಒಂದಿಷ್ಟು ಮಾತೂ ಸಿಕ್ಕಿತು. ಅವಸರ ಏನಿತ್ತು? ಮನೇಲಿ ಕಾಯೋದು ಟಿವಿ ಒಂದೇ.

ಸಭ್ಯ ಕಳ್ಳ

ಮಾಲೂರಿನ ನನ್ನ ಮನೆಯ ವೈಫೈನಲ್ಲಿ ಇನ್ನೂರೈವತ್ನಾಲ್ಕು ಜನಕ್ಕೆ ಜಾಗ. ಇದ್ದದ್ದು ಟಿವಿ, ನನ್ನ ಲ್ಯಾಪ್‌ಟಾಪ್. ಒಂದು ಸಂಜೆ ನೋಡಿದರೆ ಇನ್ನೊಂದು ಗುರುತಿಲ್ಲದ ನಂಬರು, ನಡುನಡುವೆ ಎ, ಎಫ್. ಯಾರೋ ಕದೀತಿದಾರೆ! ಬೇರೆಯವರಾಗಿದ್ದರೆ ಪಾಸ್‌ವರ್ಡ್ ಬದಲಾಯಿಸೋರು. ನಾನು ‘ನೆಂಟ’ ಅಂತ ಹೆಸರಿಟ್ಟೆ. ನಾನು ಮನೆಗೆ ಬಂದರೆ ಅವನೂ ಬರೋನು, ಹೊರಟರೆ ಅವನೂ ಹೊರಡೋನು. ಎಂಥ ಸಭ್ಯ ಕಳ್ಳ! ಜಗಲಿ ಮೇಲೆ ಅವನಿಗಂತ ನಿಪ್ಪಟ್ಟು ಇಟ್ಟೆ. ಬೆಳಗ್ಗೆ ತಟ್ಟೆ ಖಾಲಿ. ಆ ದಿನದಿಂದ ದಿನಾ ಇಟ್ಟೆ.

ಮುಖ ನೋಡೋ ಆಸೆ ತಡೀಲಾರದೆ, ಲ್ಯಾಪ್‌ಟಾಪ್ ಹಿಡಿದು ಪಕ್ಕದ ಟೈಲರ್ ಅಂಗಡಿಗೆ ಹೋದೆ.

“ನೀವೇನಾ ಭಾಯ್? ಕೋಪ ಇಲ್ಲ, ಹೇಳಿಬಿಡಿ. ನೋಡಿ, ಈಗಲೂ ಇದಾನೆ.”

ಅಷ್ಟರಲ್ಲಿ ಜೇಬಿನಲ್ಲಿದ್ದ ನನ್ನ ಹೊಸ ಫೋನಿನ ಚಾರ್ಜ್ ಮುಗೀತು. ನೆಂಟನೂ ಮಾಯ. ಅಲ್ಲೇ ಚಾರ್ಜಿಗೆ ಹಾಕಿದೆ. ಫೋನೂ ಬಂತು, ನೆಂಟನೂ ಬಂದ.

ಈಗಿನ ಫೋನುಗಳು ತಮ್ಮ ಅಸಲಿ ನಂಬರ್ ಬಚ್ಚಿಟ್ಟು ವೈಫೈಗೆ ಬೇರೆ ಯಾವುದೋ ಹೇಳ್ತವೆ ಅಂತ ಊರಿಗೆಲ್ಲ ಪಾಠ ಮಾಡೋನು ನಾನೇ. ಸ್ಟೂಲ್ ಮೇಲೆ ಕೂತುಬಿಟ್ಟೆ.

“ಹಂಗಾದ್ರೆ ಯಾರೂ ಬಂದೇ ಇರಲಿಲ್ಲ, ಭಾಯ್. ಮತ್ತೆ ಆ ನಿಪ್ಪಟ್ಟು?”

ಟೈಲರ್ ಹೊಲಿಗೆ ಮಿಷನ್ ನಿಲ್ಲಿಸಿದರು. “ಅದು ಮಾತ್ರ ನಾನೇ ಸಾರ್. ನಾಳೆಯಿಂದ ಖಾರ ಸ್ವಲ್ಪ ಕಮ್ಮಿ ಇರೋದು ತನ್ನಿ.”